ತಂಗಡಿಯ ಹೂವೂ ಕಪ್ಪು ದುಂಬಿಯೂ

ಪ್ರಶ್ನೆ: ನಮ್ಮ ಟೊಮೆಟೊ ತೋಟದ ಬದುವಿನ ಮೇಲೆ ತಂಗಡಿ ಗಿಡಗಳು ಸಾಲಾಗಿ ಬೆಳೆದಿವೆ. ಮಳೆ ಕೈಕೊಟ್ಟ ವರ್ಷವೂ ಅವು ಹಳದಿ ಹೂ ಬಿಡುತ್ತವೆ, ಬೆಳಿಗ್ಗೆ ದೊಡ್ಡ ಕಪ್ಪು ದುಂಬಿಗಳು ಅಲ್ಲಿ ಗುಂಯ್‌ಗುಡುತ್ತಿರುತ್ತವೆ. ಈ ಗಿಡದಿಂದ ಏನೂ ಪ್ರಯೋಜನವಿಲ್ಲ, ಜೆಸಿಬಿ ತರಿಸಿ ಬದುವನ್ನು ಸ್ವಚ್ಛ ಮಾಡಿಸೋಣ ಎಂದು ಮನೆಯವರು ಹೇಳುತ್ತಿದ್ದಾರೆ. ತಾವೇನು ಹೇಳುತ್ತೀರಿ?
– ಓದುಗರು, ಶ್ರೀನಿವಾಸಪುರ

ಉತ್ತರ: ದಯವಿಟ್ಟು ಕೀಳಿಸಬೇಡಿ. ಆವರಿಕೆ ಎಂದೂ ಕರೆಯಲಾಗುವ ತಂಗಡಿ ಕಲ್ಲುಮಿಶ್ರಿತ ಕೆಂಪು ಮಣ್ಣಿನಲ್ಲಿ ಬೇರನ್ನು ಆಳಕ್ಕಿಳಿಸಿ, ಯಾರೂ ನೀರೆರೆಯದೆ ಬದುಕುವ ಗಿಡ. ದನ, ಕುರಿಗಳು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲವಾದ್ದರಿಂದ ಮೇವೆಲ್ಲ ತೀರಿದ ಬಯಲಿನಲ್ಲೂ ಅದು ಉಳಿಯುತ್ತದೆ. ಅದರ ತೊಗಟೆ ಒಂದು ಕಾಲಕ್ಕೆ ಚರ್ಮ ಹದ ಮಾಡುವವರಿಗೆ ಬಹಳ ಬೇಕಾದ ವಸ್ತುವಾಗಿತ್ತು. ಆದರೆ ನಿಮ್ಮ ತೋಟಕ್ಕೆ ಮುಖ್ಯವಾದದ್ದು ನೀವು ಹೇಳಿದ ಆ ಗುಂಯ್‌ಗುಟ್ಟುವಿಕೆಯೇ.

ತಂಗಡಿ ಹೂವಿನಲ್ಲಿ ಮಕರಂದವಿಲ್ಲ. ಬರುವವರಿಗೆ ಅದು ಕೊಡುವುದು ಪರಾಗವನ್ನು ಮಾತ್ರ. ಆ ಪರಾಗವೂ ಸುಲಭವಾಗಿ ಕೈಗೆ ಸಿಗುವುದಿಲ್ಲ, ಏಕೆಂದರೆ ಇದರ ಪರಾಗಕೋಶಗಳು ಬೇರೆ ಅನೇಕ ಹೂಗಳಲ್ಲಿರುವಂತೆ ಉದ್ದಕ್ಕೆ ಸೀಳಿ ತೆರೆದುಕೊಳ್ಳದೆ, ಉಪ್ಪಿನ ಡಬ್ಬಿಯ ಮುಚ್ಚಳದಂತೆ ತುದಿಯಲ್ಲಿ ಸಣ್ಣ ರಂಧ್ರವನ್ನಷ್ಟೇ ಹೊಂದಿರುತ್ತವೆ. ಕಪ್ಪು ದುಂಬಿಯು ಕೇಸರಗಳನ್ನು ಕಾಲುಗಳಿಂದ ಅಪ್ಪಿ ಹಿಡಿದು, ರೆಕ್ಕೆಗಳನ್ನು ಬಡಿಯದೆಯೇ ಹಾರಾಟದ ಸ್ನಾಯುಗಳನ್ನು ಸೆಕೆಂಡಿಗೆ ನೂರಾರು ಬಾರಿ ಅದುರಿಸುತ್ತದೆ. ಆ ಕಂಪನಕ್ಕೆ ಪರಾಗವು ರಂಧ್ರದಿಂದ ಚಿಮ್ಮಿ ದುಂಬಿಯ ಮೈಗೆ ಅಂಟಿಕೊಳ್ಳುತ್ತದೆ. ನೀಲಿ ಪಟ್ಟೆಯ ಒಂಟಿ ಜೇನ್ನೊಣಗಳಿಗೂ ಈ ವಿದ್ಯೆ ಗೊತ್ತು. ನಾವು ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗಾಗಲಿ, ಹೆಜ್ಜೇನಿಗಾಗಲಿ ಗೊತ್ತಿಲ್ಲ. ಅವು ಬಂದರೂ ಉದುರಿ ಉಳಿದ ಪರಾಗವನ್ನು ಆಯ್ದುಕೊಳ್ಳಬೇಕಷ್ಟೆ.

ಟೊಮೆಟೊ ಮತ್ತು ಬದನೆಯ ಹೂಗಳೂ ಪರಾಗವನ್ನು ಹೀಗೆಯೇ ಒಳಗೆ ಬಚ್ಚಿಟ್ಟುಕೊಂಡಿರುತ್ತವೆ. ಟೊಮೆಟೊ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು, ಗಾಳಿಯ ಅಲುಗಾಟವೂ ಅದಕ್ಕೆ ನೆರವಾಗುತ್ತದೆ, ನಿಜ. ಆದರೂ ಅದುರಿಸುವ ದುಂಬಿ ಬಂದಲ್ಲಿ ಕಾಯಿ ಕಚ್ಚುವುದು ಹೆಚ್ಚು. ನಿಮ್ಮ ಬೆಳೆಯಲ್ಲಿ ಹೂವಿರುವುದು ಕೆಲವು ವಾರ ಮಾತ್ರ. ಉಳಿದ ತಿಂಗಳುಗಳಲ್ಲಿ ಆ ದುಂಬಿಗಳಿಗೆ ಆಹಾರ ಕೊಟ್ಟು ಉಳಿಸಿಕೊಳ್ಳುವವು ತಂಗಡಿಯಂತಹ ಗಿಡಗಳೇ. ಇದರ ಜೊತೆಗೆ, ಕಪ್ಪು ದುಂಬಿ ಒಣಮರ ಅಥವಾ ಬಿದಿರನ್ನು ಕೊರೆದು ಗೂಡು ಮಾಡಿದರೆ, ನೀಲಿ ಪಟ್ಟೆಯದು ಮಣ್ಣಿನಲ್ಲೇ ಬಿಲ ತೋಡಿ ಮೊಟ್ಟೆಯಿಡುತ್ತದೆ. ಆದ್ದರಿಂದ ಜೆಸಿಬಿ ಬದುವನ್ನು ಕೆರೆದಾಗ ಹೋಗುವುದು ಗಿಡವೊಂದೇ ಅಲ್ಲ, ಮುಂದಿನ ವರ್ಷದ ಜೇನ್ನೊಣಗಳೂ ಅದರ ಜೊತೆಗೇ ಹೋಗುತ್ತವೆ. ದಾರಿಗೆ ಅಡ್ಡವಾದ ಕೊಂಬೆಗಳಿದ್ದರೆ ಮಚ್ಚಿನಿಂದ ಸವರಿಕೊಳ್ಳಿ. ಗಿಡ ಮತ್ತೆ ಚಿಗುರುತ್ತದೆ.

ಪ್ರಶ್ನೆ: ನಾವು ಬೇಲಿಗೆಂದು ಬೆಳೆಸಿದ ತಂಗಡಿಯ ಎಲೆಗಳನ್ನು ಹಸಿರು ಹುಳುಗಳು ತಿನ್ನುತ್ತಿವೆ. ಔಷಧ ಹೊಡೆಯಬೇಕೆ? ಅವು ಬದನೆಗೆ ಹರಡುವ ಭಯವಿದೆಯೇ?
– ಓದುಗರು, ಹಿರಿಯೂರು

ಉತ್ತರ: ಎಲೆಯ ಬಣ್ಣವನ್ನೇ ಹೊತ್ತು, ಪಕ್ಕೆಯುದ್ದಕ್ಕೂ ತಿಳಿ ಗೆರೆಯಿರುವ ಹುಳುಗಳಾಗಿದ್ದರೆ, ಅವು ಬಹುಮಟ್ಟಿಗೆ ಎಮಿಗ್ರಂಟ್ ಎಂಬ ತಿಳಿಹಸಿರು ಮಿಶ್ರಿತ ಬಿಳಿ ಚಿಟ್ಟೆಗಳ ಮರಿಗಳು. ಅವುಗಳ ಆಹಾರ ತಂಗಡಿ, ಕಕ್ಕೆಯಂತಹ ಗಿಡಮರಗಳ ಎಲೆ. ಬದನೆಯನ್ನು ಅವು ಮುಟ್ಟುವುದಿಲ್ಲ. ಎಲೆಯೆಲ್ಲ ಬೋಳಾದರೂ ಒಂದು ಮಳೆ ಬಿದ್ದರೆ ಗಿಡ ಚೇತರಿಸಿಕೊಳ್ಳುತ್ತದೆ, ಅಷ್ಟರಲ್ಲಿ ಹಕ್ಕಿಗಳೂ ಕಣಜಗಳೂ ಬಹಳಷ್ಟು ಹುಳುಗಳನ್ನು ಹೊತ್ತೊಯ್ದಿರುತ್ತವೆ. ಔಷಧ ಬೇಡ. ಬದನೆಗೆ ಬೇರೆ ಕಾರಣಕ್ಕೆ ಸಿಂಪಡಿಸಲೇಬೇಕಾಗಿ ಬಂದರೆ ದುಂಬಿಗಳು ಹೂವಿನ ಮೇಲಿರುವ ಬೆಳಗಿನ ಹೊತ್ತನ್ನು ಬಿಟ್ಟು ಸಂಜೆ ಸಿಂಪಡಿಸಿ, ಬೇಲಿಯ ಕಡೆಗೆ ಗಾಳಿ ಬೀಸುತ್ತಿಲ್ಲವೆಂದು ನೋಡಿಕೊಳ್ಳಿ.