ಹರಕೆ ಇರಲಿ, ನಾದಿನಿಯ ಸಂಬಳ ಎಷ್ಟು ಹೋಯಿತು?

ಹಾಸನದಿಂದ ಬಂದ ನಿಮ್ಮ ಪತ್ರ ಓದಿ ಸಿಟ್ಟು ಬಂತು. ಯಾರ ಮೇಲೆ ಅಂತ ಆಮೇಲೆ ಹೇಳುತ್ತೇನೆ.

ನಿಮ್ಮ ಯಜಮಾನರಿಗೆ ಬೈಪಾಸ್ ಆಗಿ ಈಗ ಚೆನ್ನಾಗಿದ್ದಾರೆ. ಧರ್ಮಸ್ಥಳದಲ್ಲಿ ಮಗನ ತುಲಾಭಾರ ಮಾಡಿಸುತ್ತೇನೆ ಅಂತ ಅತ್ತೆ ಹರಕೆ ಹೊತ್ತಿದ್ದಾರೆ. ನಿಮಗೆ ದೇವರಲ್ಲಿ ನಂಬಿಕೆ ಇಲ್ಲ, ಬರಲ್ಲ ಅಂದಿರಿ. ‘ಉಪಕಾರ ಸ್ಮರಣೆ ಇಲ್ಲದವಳು’ ಅನ್ನಿಸಿಕೊಂಡಿರಿ. ಅದು ಚುಚ್ಚಿ, ದಿನಾ ರಾತ್ರಿ ಕೃತಜ್ಞತೆಯ ಡೈರಿ ಬರೆಯುತ್ತಿದ್ದೀರಿ. ಮನಸ್ಸಿಗೆ ಏನೂ ಅನ್ನಿಸುತ್ತಿಲ್ಲ. ‘ನನ್ನ ಸ್ವಭಾವವೇ ಸರಿಯಿಲ್ಲವಾ?’ ಅಂತ ಕೇಳಿದ್ದೀರಿ.

ಈ ಡೈರಿಗೆ ಹೆಸರು ತಂದದ್ದು ಅಮೆರಿಕದ ಮನಃಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಫ್ 2003ರಲ್ಲಿ ಪ್ರಕಟಿಸಿದ ಅಧ್ಯಯನ. ಅದರ ಒಂದು ಪ್ರಯೋಗದಲ್ಲಿ ಬರೆದದ್ದು ವಾರಕ್ಕೊಮ್ಮೆ, ಕೃತಜ್ಞತೆ ಅನ್ನಿಸಿದ ಹೆಚ್ಚೆಂದರೆ 5 ಸಂಗತಿ. ಕಿರಿಕಿರಿಗಳನ್ನು ಪಟ್ಟಿ ಮಾಡಿದವರಿಗಿಂತ ಇವರಿಗೆ ಬದುಕು ಹಿತವೆನಿಸಿತು. ಭಕ್ತಿ ಇರುವವರಲ್ಲಿ ಕೃತಜ್ಞತೆಯ ಗುಣ ಸ್ವಲ್ಪ ಜಾಸ್ತಿ, ಸದಾ ಆತಂಕಪಡುವವರಲ್ಲಿ ಸ್ವಲ್ಪ ಕಮ್ಮಿ ಕಾಣುವುದು ನಿಜ. ಸ್ವಲ್ಪ, ಅಷ್ಟೇ. ಆಸ್ಪತ್ರೆಯಿಂದ ಬಂದರೂ ನಿಮ್ಮ ಹೆದರಿಕೆ ಇನ್ನೂ ಇಳಿದಿಲ್ಲ. ಅದನ್ನೇ ಸ್ವಭಾವ ಅಂದುಕೊಳ್ಳಬೇಡಿ.

ಆದರೆ ಪತ್ರದ ಮೂಲೆಯಲ್ಲಿ ಒಂದು ಸಾಲಿದೆ: ‘ನಾದಿನಿ ಗಾರ್ಮೆಂಟ್ಸ್‌ಗೆ ಒಂದು ತಿಂಗಳು ಹೋಗದೆ ಮಕ್ಕಳನ್ನು ನೋಡಿಕೊಂಡಳು, ಮನೆಯವಳೇ ಅಲ್ವಾ.’ ಗಾರ್ಮೆಂಟ್ಸ್‌ನಲ್ಲಿ ಅಷ್ಟು ದಿನ ಹೋಗದಿದ್ದರೆ ಸಂಬಳ ಯಾರು ಕೊಡುತ್ತಾರೆ? ಡೈರಿಯಲ್ಲಿ ಬರೆದಿದ್ದೇನೆ ಅಂತ ನೀವು ಪತ್ರದಲ್ಲಿ ಕೊಟ್ಟ ಪಟ್ಟಿಯಲ್ಲಿ ಬೆಳಗಿನ ಬಿಸಿಲಿದೆ, ಫಿಲ್ಟರ್ ಕಾಫಿ ಇದೆ. ಅವಳಿಲ್ಲ. ಅತ್ತೆಯ ಹರಕೆಯಲ್ಲೂ ಅವಳಿಲ್ಲ, ಆದರೂ ಅತ್ತೆಯನ್ನು ನಾನು ಬೈಯಲಾರೆ. ಮಗ ಉಳಿದ ನೆಮ್ಮದಿಯನ್ನು ಆ ಜೀವ ಎಲ್ಲಾದರೂ ಒಪ್ಪಿಸಬೇಕಲ್ಲ. ನಂಬಿಕೆ ಇದ್ದವರಿಗೆ ಅದಕ್ಕೊಂದು ಜಾಗವಿದೆ, ನಿಮಗೆ ಮನುಷ್ಯರೇ ಗತಿ.

ಸಿಟ್ಟು ನಿಮ್ಮ ಯಜಮಾನರ ಮೇಲೆ. ತಕ್ಕಡಿಯಲ್ಲಿ ಕೂರಬೇಕಾದವರು ಅವರು. ಕೂರುತ್ತೇನೆ, ಕೂರಲ್ಲ, ಯಾವುದನ್ನೂ ಹೇಳದೆ ಟಿವಿ ನೋಡುತ್ತಾ ಅಮ್ಮನನ್ನೂ ಹೆಂಡತಿಯನ್ನೂ ಜಗಳಕ್ಕೆ ಬಿಟ್ಟಿದ್ದಾರೆ. ಈ ಅಂಕಣದಲ್ಲಿ ಎಷ್ಟು ಸಲ ಬರೆದರೂ ಗಂಡಸರು ಹೀಗೇ. ಧರ್ಮಸ್ಥಳದ ವಿಷಯ ಅವರೇ ಅಮ್ಮನ ಹತ್ತಿರ ಮಾತಾಡಲಿ.

ನೀವು ಮಾಡಬೇಕಾದ್ದು ಒಂದೇ. ಭಾನುವಾರ ಯಜಮಾನರನ್ನೂ ಕರೆದುಕೊಂಡು ನಾದಿನಿಯ ಮನೆಗೆ ಹೋಗಿ. ವಾಟ್ಸ್‌ಆ್ಯಪ್ ಮೆಸೇಜು ಬೇಡ, ದಮ್ಮಯ್ಯ. ಥ್ಯಾಂಕ್ಸ್ ಅಂದರೆ ‘ನಾನೇನು ಹೊರಗಿನವಳಾ’ ಅಂತ ಮುಖ ಊದಿಸುತ್ತಾಳೆ. ಅವಳು ಏನೇನು ಮಾಡಿದಳೋ ಅದನ್ನು ಒಂದೊಂದಾಗಿ ಅವಳ ಎದುರೇ ಹೇಳಿ. ಸಂಬಳ ಎಷ್ಟು ಹೋಯಿತು ಅಂತ ಕೇಳಿ. ಬೇಡ ಅತ್ತಿಗೆ ಅನ್ನುತ್ತಾಳೆ. ಮತ್ತೆ ಕೇಳಿ, ಕೊಟ್ಟೇ ಬನ್ನಿ.