ಶಿವಮೊಗ್ಗದಿಂದ ನೇಪಾಳದ ಜನಕಪುರಕ್ಕೆ ರೈಲಿನಲ್ಲೇ ಹೋಗಬಹುದಾ?

ಹೋಗಬಹುದು, ಆದರೆ ನೇರ ರೈಲಿಲ್ಲ. ಶಿವಮೊಗ್ಗದಿಂದ ಬೆಂಗಳೂರು, ಅಲ್ಲಿಂದ ಪಾಟ್ನಾ. ಈ ಪ್ರಯಾಣಕ್ಕೇ ಎರಡು ದಿನದ ಹತ್ತಿರ ಬೇಕು, ಚಕ್ಕುಲಿ ಡಬ್ಬಿ ಜಾಸ್ತಿನೇ ಇರಲಿ! ಪಾಟ್ನಾದಿಂದ ದರ್ಭಂಗಾ, ಮಧುಬನಿ ದಾಟಿ ಜಯನಗರ ತಲುಪಬೇಕು. ನಮ್ಮ ಬೆಂಗಳೂರಿನ ಜಯನಗರ ಅಲ್ಲ, ಬಿಹಾರದ್ದು.

ಅಲ್ಲಿಂದ ಗಡಿ ದಾಟಿ ಜನಕಪುರಕ್ಕೆ ಹೋಗುವುದು ನೇಪಾಳದ ರೈಲು. 1937ರಲ್ಲಿ ನ್ಯಾರೋಗೇಜ್ (ಕಿರಿದಾದ ಹಳಿ) ಆಗಿ ಶುರುವಾದ ಮಾರ್ಗ ಇದು. 2014ರಲ್ಲಿ ನಿಂತು, ಬ್ರಾಡ್‌ಗೇಜ್ (ಅಗಲ ಹಳಿ) ಆಗಿ 2022ರ ಏಪ್ರಿಲ್‌ನಲ್ಲಿ ಮತ್ತೆ ಓಡಿತು.

ನಮಗೆ ವೀಸಾ ಬೇಡ. ಆದರೆ ಬರೀ ಆಧಾರ್ ನಂಬಿಕೊಂಡು ಹೊರಡಬೇಡಿ. ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಇಟ್ಟುಕೊಳ್ಳಿ. ಹೊರಡುವ ಮುಂಚೆ ಗಡಿ ರೈಲಿನ ಸಮಯ ವಿಚಾರಿಸಿ. ಅಂದಹಾಗೆ, ನೇಪಾಳದ ಗಡಿಯಾರ ನಮಗಿಂತ 15 ನಿಮಿಷ ಮುಂದೆ. ವಾಪಸ್ ಬರುವಾಗ ನೆನಪಿರಲಿ.