ಹತ್ತನೇ ಮಹಡಿಗೆ ಏಣಿ ಮುಟ್ಟುತ್ತಾ?

ಓದುಗರ ಪ್ರಶ್ನೆಗಳಿಗೆ ನಿವೃತ್ತ ಅಗ್ನಿಶಾಮಕ ಠಾಣಾಧಿಕಾರಿಯ ಉತ್ತರ

ಪ್ರಶ್ನೆ: ಹೆಂಚಿನ ಮನೆ ಮಾರಿ ಹೋದ ವರ್ಷ ಅಪಾರ್ಟ್‌ಮೆಂಟಿನ ಹತ್ತನೇ ಮಹಡಿಗೆ ಬಂದೆವು. ಮೊನ್ನೆ ನಮ್ಮ ರಸ್ತೆಯಲ್ಲೇ ಒಂದು ಅಂಗಡಿಗೆ ಬೆಂಕಿ ಬಿತ್ತು. ಫೈರ್ ಎಂಜಿನ್ ಬಂತು. ಅದರ ಮೇಲಿದ್ದ ಏಣಿ ನೋಡಿ ನಮ್ಮ ಯಜಮಾನರು, "ಇದು ನಮ್ಮನೆ ಅರ್ಧಕ್ಕೂ ಬರಲ್ಲ" ಅಂದರು. ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಮನೆಯಲ್ಲಿ ಮಂಡಿನೋವಿನ ಅತ್ತೆ ಇದ್ದಾರೆ. ಏನು ಮಾಡಬೇಕು?
– ಓದುಗರು, ತುಮಕೂರು

ಉತ್ತರ: ನಿಮ್ಮ ಯಜಮಾನರು ಹೇಳಿದ್ದು ನಿಜ, ಅಮ್ಮ. ಫೈರ್ ಎಂಜಿನ್ ಮೇಲೆ ಸಾಮಾನ್ಯವಾಗಿ ಇರುವುದು 35 ಅಡಿ ಏಣಿ. ಎಳೆದು ಪೂರ್ತಿ ಉದ್ದ ಮಾಡಿದರೂ ಮೂರನೇ ಮಹಡಿ ದಾಟುವುದಿಲ್ಲ. ಬೆಂಗಳೂರಿನಲ್ಲಿ 54 ಮೀಟರ್ ಏಣಿಯ ವಾಹನ ಮೊದಲೇ ಇತ್ತು, 2023ರಲ್ಲಿ 90 ಮೀಟರಿನದೂ ಬಂತು. ಆದರೆ ಅದು ನೆಲಮಂಗಲ, ದಾಬಸ್‌ಪೇಟೆ ದಾಟಿ 70 ಕಿಲೋಮೀಟರ್ ಬರಬೇಕು. ಅಷ್ಟು ಭಾರದ ವಾಹನ ನಿಮ್ಮ ಗೇಟಿಗೆ ಬರುವಷ್ಟರಲ್ಲಿ ಬೆಂಕಿ ತನ್ನ ಕೆಲಸ ಮುಗಿಸಿರುತ್ತದೆ. ಬಂದರೂ ಅದು ಕಾಲು ಚಾಚಿ ನಿಲ್ಲಲು ಗಟ್ಟಿ ನೆಲ ಬೇಕು. ಕಟ್ಟಡದ ಸುತ್ತ 6 ಮೀಟರ್ ದಾರಿ ಬಿಡಬೇಕು ಅನ್ನುವ ನಿಯಮ ಇರುವುದು ಅದಕ್ಕೇ. ಎಷ್ಟೋ ಕಡೆ ಆ ದಾರಿಯಲ್ಲಿ ಈಗ ಕಾರುಗಳು ನಿಂತಿವೆ.

ಊರಿಗೆ ಎತ್ತರದ ಏಣಿ ಬೇಡ ಅಂತ ನಾನು ಹೇಳುತ್ತಿಲ್ಲ. ಮಹಡಿ ಏರಿಸಲು ಅನುಮತಿ ಕೊಡುವಾಗಲೇ ಠಾಣೆಗೆ ವಾಹನ, ಜನ ಕೊಡಬೇಕು ಅಂತ ಕೆಲಸದಲ್ಲಿದ್ದಾಗಲೂ ಕೇಳಿದ್ದೇನೆ, ಈಗಲೂ ಕೇಳುತ್ತೇನೆ. ನೀವೂ ನಗರಪಾಲಿಕೆಗೆ, ಶಾಸಕರಿಗೆ ಬರೆಯಿರಿ. ಆದರೆ ಹತ್ತನೇ ಮಹಡಿಯ ಬೆಂಕಿಯನ್ನು ನಾವು ಆರಿಸುವುದು ಹೊರಗಿನ ಏಣಿಯಿಂದಲ್ಲ. ಒಳಗಿನ ಮೆಟ್ಟಿಲು ಹತ್ತಿ ಬಂದು, ನಿಮ್ಮ ಕಟ್ಟಡದ್ದೇ ಪೈಪು, ನಿಮ್ಮದೇ ನೀರು ಹಿಡಿದು ಆರಿಸುತ್ತೇವೆ.

ಒಂದು ರಾತ್ರಿ ನನಗೆ ಮರೆಯುವುದಿಲ್ಲ. ಎಂಟು ಮಹಡಿಯ ಕಟ್ಟಡ, ಆರನೇ ಮಹಡಿಯ ಅಡುಗೆಮನೆಯಲ್ಲಿ ಬೆಂಕಿ. ನಾವು ಐದು ಜನ. ಬಿ.ಎ. ಸೆಟ್ ಬೆನ್ನಿಗೆ ಹಾಕಿ ಹತ್ತಿದೆವು. ಅಂದರೆ ಉಸಿರಾಡುವ ಗಾಳಿಯ ಸಿಲಿಂಡರ್. 45 ನಿಮಿಷದ್ದು ಅಂತ ಲೆಕ್ಕ, ಆದರೆ ಭಾರ ಹೊತ್ತು ಆರು ಮಹಡಿ ಏರಿದರೆ ಗಾಳಿ ಬೇಗ ಖಾಲಿಯಾಗುತ್ತದೆ. ಮೇಲೆ ಕೆಂಪು ಹೋಸ್ ಬಾಕ್ಸ್ ತೆರೆದೆ. ಒಳಗೆ ಎರಡು ಪೊರಕೆ, ಒಂದು ಫಿನಾಯಿಲ್ ಕ್ಯಾನು. ಹೋಸ್ ಇಲ್ಲ, ಹಿತ್ತಾಳೆಯ ನಾಝಲ್ಲೂ ಇಲ್ಲ. ಪಕ್ಕದ ವಾಲ್ವ್ ತಿರುಗಿಸಿದೆ. ನೀರಿಲ್ಲ. ಪಂಪ್ ರೂಮಿಗೆ ಬೀಗ. ಕೀಲಿ ಇದ್ದದ್ದು ವಾಚ್‌ಮನ್ ಹತ್ತಿರ, ಅವನು ಯುಗಾದಿಗೆ ಊರಿಗೆ ಹೋಗಿದ್ದ.

ಕೊನೆಗೆ ಕೆಳಗಿನ ವಾಹನದಿಂದಲೇ ಹೋಸ್ ಎಳೆದೆವು. ಒಂದೊಂದು 15 ಮೀಟರ್. ಒಂದರ ಬಾಯಿಗೆ ಇನ್ನೊಂದು ಸಿಕ್ಕಿಸುತ್ತಾ, ಮೆಟ್ಟಿಲ ತಿರುವಿನಲ್ಲೆಲ್ಲ ಬಿಡಿಸುತ್ತಾ ಹೋಗಬೇಕು. ಏಳನೇ ಮಹಡಿಯ ಬಾಲ್ಕನಿಯಲ್ಲಿ ಒಬ್ಬರು ಅಜ್ಜಿ ಮೊಬೈಲ್ ಟಾರ್ಚ್ ಬೀಸುತ್ತಾ ನಿಂತಿದ್ದರು. ಮುಂಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಟವೆಲ್ ತುರುಕಿದ್ದರು. ಹಾಗೆ ಮಾಡಿ ಅಂತ ಫೋನಿನಲ್ಲಿ ಅವರ ಮಗ ಹೇಳಿದ್ದನಂತೆ. ಉಳಿದುಕೊಂಡರು. ಪಂಪ್ ಒಂದು ಓಡಿದ್ದರೆ ಅವರು ಅಷ್ಟು ಹೊತ್ತು ಆ ಕತ್ತಲಲ್ಲಿ ನಿಲ್ಲಬೇಕಾಗಿರಲಿಲ್ಲ.

ಹಾಗಾಗಿ ಈ ಭಾನುವಾರವೇ ಸಂಘದವರನ್ನು ಕರೆದುಕೊಂಡು ನಿಮ್ಮ ಕಟ್ಟಡ ಒಮ್ಮೆ ಸುತ್ತಿ. ಮೇಲಿನ ಮಹಡಿಯ ವಾಲ್ವ್ ತೆರೆಸಿ ನೋಡಿ. 10 ಮೀಟರ್ ಮೇಲೇರಿದರೆ ನೀರಿನ ಪ್ರೆಶರ್ ಸುಮಾರು 1 ಕೆ.ಜಿ. ಇಳಿಯುತ್ತದೆ, ನಿಮ್ಮ ಮನೆ ಮುಟ್ಟುವಾಗ 3 ಕೆ.ಜಿ. ಹೋಗಿರುತ್ತದೆ. ನೆಲಮಹಡಿಯಲ್ಲಿ ಜೋರಾಗಿ ಬಂತು ಅಂತ ಸಮಾಧಾನ ಪಡಬೇಡಿ. ಪಂಪ್ 'ಆಟೋ'ದಲ್ಲಿದೆಯಾ, ಕರೆಂಟ್ ಹೋದರೆ ಓಡುವ ಡೀಸೆಲ್ ಪಂಪಿನಲ್ಲಿ ಡೀಸೆಲ್ ಇದೆಯಾ, ಕೇಳಿ. ಗೇಟಿನ ಹತ್ತಿರ ಗೋಡೆಯಲ್ಲಿ ಕೆಂಪು ಬಣ್ಣದ ಪೈಪಿನ ಬಾಯಿಗಳಿರುತ್ತವೆ. ನಿಮ್ಮ ಪಂಪ್ ಕೈಕೊಟ್ಟರೆ ನಮ್ಮ ವಾಹನ ಆ ಬಾಯಿಗಳ ಮೂಲಕವೇ ನಿಮ್ಮ ಕಟ್ಟಡದ ಪೈಪಿಗೆ ನೀರು ತುಂಬಿಸುತ್ತದೆ. ಅದರ ಮುಂದೆ ಹೂವಿನ ಕುಂಡ, ಸ್ಕೂಟರ್ ಇಡಿಸಬೇಡಿ.

ಇನ್ನು ಅತ್ತೆಯವರ ಮಾತು. ಬೆಂಕಿ ನಿಮ್ಮ ಮನೆಯಲ್ಲೇ ಆದರೆ, ಅವರನ್ನು ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಇಬ್ಬರು ಎತ್ತಿಕೊಂಡು ಮೆಟ್ಟಿಲಿಗೆ ಬನ್ನಿ. ಹೊರಡುವಾಗ ಬಾಗಿಲು ಎಳೆದುಕೊಳ್ಳಿ, ಹೊಗೆ ಒಳಗೇ ಉಳಿಯಲಿ. ಲಿಫ್ಟ್ ಬೇಡವೇ ಬೇಡ. ಕುರ್ಚಿ ಹೊರುವುದನ್ನು ಈಗಲೇ ಒಂದೆರಡು ಮಹಡಿ ಅಭ್ಯಾಸ ಮಾಡಿ, ಪಕ್ಕದ ಮನೆಯ ಹುಡುಗರನ್ನೂ ಸೇರಿಸಿಕೊಳ್ಳಿ. ಬೆಂಕಿ ಬೇರೆ ಕಡೆ ಇದ್ದು ಮೆಟ್ಟಿಲಲ್ಲಿ ಹೊಗೆ ಕಂಡರೆ ಇಳಿಯಲು ಹೋಗಬೇಡಿ. ಆ ಅಜ್ಜಿ ಮಾಡಿದ ಹಾಗೆ ಮಾಡಿ. 112ಕ್ಕೆ ಫೋನ್ ಮಾಡಿ ಮಹಡಿ, ಮನೆ ನಂಬರ್, 'ನಡೆಯಲಾಗದವರು ಇದ್ದಾರೆ' ಅಂತ ಮೂರೂ ಹೇಳಿ. ಆ ಒಂದು ಮಾತು ಗೊತ್ತಿದ್ದರೆ ನಾವು ಮೊದಲು ಯಾವ ಬಾಗಿಲಿಗೆ ಹೋಗಬೇಕು ಅಂತ ಕೆಳಗೇ ತೀರ್ಮಾನ ಮಾಡುತ್ತೇವೆ.

ಪ್ರಶ್ನೆ: ನಮ್ಮ ಏಳು ಮಹಡಿಯ ಕಟ್ಟಡದ ಟೆರೇಸ್‌ಗೆ ಹುಡುಗರು ಹೋಗಿ ಗಲಾಟೆ ಮಾಡುತ್ತಾರೆ. ಅದಕ್ಕೆ ಟೆರೇಸ್ ಬಾಗಿಲು, ಹಿಂದಿನ ಮೆಟ್ಟಿಲ ಬಾಗಿಲು ಎರಡಕ್ಕೂ ಬೀಗ ಹಾಕಿದ್ದೇವೆ. ತಪ್ಪಾ?
– ಸಂಘದ ಕಾರ್ಯದರ್ಶಿ, ಶಿವಮೊಗ್ಗ

ಉತ್ತರ: ತಪ್ಪು. ಇದನ್ನು ಓದಿದ ತಕ್ಷಣ ಹೋಗಿ ತೆಗೆಯಿರಿ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ತೀರಿಕೊಂಡರು. ಅದೂ ನಿಮ್ಮದರ ಹಾಗೆ ಏಳು ಮಹಡಿಯದ್ದೇ. ಜನರನ್ನು ಸಾವಿಗೆ ತಳ್ಳಿದ್ದು ಬೆಂಕಿಗಿಂತ ಜಾಸ್ತಿ ಹೊಗೆ. ವೈರುಗಳ ಡಕ್ಟ್, ಅಂದರೆ ವೈರುಗಳು ಮಹಡಿಯಿಂದ ಮಹಡಿಗೆ ಹಾದುಹೋಗುವ ಸಂದು ಹಿಡಿದು ಅದು ಮೇಲಿನ ಮಹಡಿಗಳಿಗೆ ಏರಿತು. ಉಸಿರು ಕಟ್ಟಿ, ದಾರಿ ಕಾಣದೆ ಕೆಲವರು ಕಿಟಕಿಯಿಂದ ಹಾರಿದರು. ಆ ಸುದ್ದಿ ಕೇಳಿದಾಗ ನಾನು ಠಾಣೆಯಲ್ಲಿ ಡ್ಯೂಟಿಯಲ್ಲಿದ್ದೆ. ಆಮೇಲೆ ಯಾವ ಕಟ್ಟಡದ ತಪಾಸಣೆಗೆ ಹೋದರೂ ಮೊದಲು ನೋಡುತ್ತಿದ್ದದ್ದು ಹೊರಗೆ ಹೋಗುವ ಬಾಗಿಲಿಗೆ ಬೀಗ ಇದೆಯಾ ಅಂತಲೇ.

ಹುಡುಗರ ಕಾಟಕ್ಕೆ ಬೇರೆ ದಾರಿ ಇದೆ. ಪ್ಯಾನಿಕ್ ಬಾರ್ ಅಂತ ಸಿಗುತ್ತದೆ. ಬಾಗಿಲಿಗೆ ಅಡ್ಡಲಾಗಿ ಒಂದು ಪಟ್ಟಿ, ಒಳಗಿನಿಂದ ಮೈಯಿಂದ ತಳ್ಳಿದರೂ ತೆರೆಯುತ್ತದೆ. ಅದಕ್ಕೊಂದು ಅಲಾರಂ ಜೋಡಿಸಿ, ಯಾರು ತೆರೆದರೂ ವಾಚ್‌ಮನ್‌ಗೆ ಗೊತ್ತಾಗುತ್ತದೆ. ಹಾಗೆಯೇ ಪ್ರತಿ ಮಹಡಿಯಲ್ಲೂ ಡಕ್ಟಿನ ಬಾಗಿಲು ತೆಗೆದು ನೋಡಿ. ವೈರುಗಳು ಹಾದುಹೋಗುವ ತೂತಿನ ಸುತ್ತ ಬೆಂಕಿ ತಡೆಯುವ ವಸ್ತು ತುಂಬಿರಬೇಕು. ಕತ್ತು ಬಗ್ಗಿಸಿದರೆ ಕೆಳಗಿನ ಮಹಡಿಯ ಬೆಳಕು ಕಾಣುತ್ತಿದ್ದರೆ ಹೊಗೆಗೂ ಅದೇ ದಾರಿ.

ಪ್ರಶ್ನೆ: ಅಗ್ನಿಶಾಮಕ ಠಾಣೆಯವರನ್ನು ಸುಮ್ನೆ ಕರೆದರೆ ಬರುತ್ತಾರಾ? ಹಣ ಕಟ್ಟಬೇಕಾ?
– ಓದುಗರು, ಹಾಸನ

ಉತ್ತರ: ಠಾಣಾಧಿಕಾರಿಗೆ ಒಂದು ಪತ್ರ ಬರೆದುಕೊಡಿ, ಖರ್ಚಿನ ವಿಷಯ ಅವರೇ ಹೇಳುತ್ತಾರೆ. ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ. 1944ರ ಏಪ್ರಿಲ್ 14ರಂದು ಬಾಂಬೆ ಬಂದರಿನಲ್ಲಿ ಹಡಗು ಸಿಡಿದು ನಮ್ಮ 66 ಸಿಬ್ಬಂದಿ ಜೀವ ಬಿಟ್ಟರು, ಅವರ ನೆನಪಿಗೆ. ಆ ವಾರ ಪ್ರಾತ್ಯಕ್ಷಿಕೆ ಕೇಳಿದರೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ಬಂದವರಿಗೆ ಕಾಫಿ ಕೊಟ್ಟು ಕಳಿಸಿಬಿಡಬೇಡಿ. ಪಂಪ್ ರೂಮ್, ಎರಡೂ ಮೆಟ್ಟಿಲು, ಟ್ಯಾಂಕ್ ತೋರಿಸಿ. ರಾತ್ರಿ ಕರೆ ಬಂದಾಗ ಕಟ್ಟಡ ಮೊದಲೇ ನೋಡಿದ ಒಬ್ಬ ಹುಡುಗ ತಂಡದಲ್ಲಿದ್ದರೂ ಕತ್ತಲಲ್ಲಿ ದಾರಿ ಹುಡುಕುವುದು ತಪ್ಪುತ್ತದೆ.